ಲಾ ಪಾಜ್‌ನಲ್ಲಿ ಬಿಚ್ಚಿಸಿದ ಗಂಟು

ಎಲ್ಲ ಊರುಗಳಿಗೂ ನಾವು ಹೋಗಿ ಸೇರುತ್ತೇವೆ, ಲಾ ಪಾಜ್‌ಗೆ ಮಾತ್ರ ಇಳಿಯಬೇಕು. ಬೋಳು ಬಯಲಿನಲ್ಲಿ ನಾಲ್ಕು ಗಂಟೆ ಕುಲುಕಿ ಕುಲುಕಿ ಬಂದ ಬಸ್ಸು ನೆಲವೇ ಮುಗಿದುಹೋದಂಥ ಒಂದು ಅಂಚಿನಲ್ಲಿ ನಿಂತಿತು. ಕಿಟಕಿಯಿಂದ ನೋಡಿದರೆ ಕೆಳಗೆ ದೊಡ್ಡ ಬೋಗುಣಿ, ಅದರೊಳಗೆ ಒಂದು ಇಡೀ ಊರು. ತಳದಲ್ಲಿ ನಾಲ್ಕೈದು ಎತ್ತರದ ಕಟ್ಟಡಗಳು. ಸುತ್ತಲಿನ ಇಳಿಜಾರಿಗೆಲ್ಲ ಮಣ್ಣಿನ ಬಣ್ಣದ ಮನೆಗಳು ಅಂಟಿಕೊಂಡಿದ್ದವು, ಅವುಗಳ ತಗಡಿನ ಮಾಡು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಆಚೆಗೆ ಹಿಮದ ಬೆಟ್ಟವೊಂದು ಕೂತಿತ್ತು.

"ನೋಡೋ ಬಸಪ್ಪ, ನೋಡೋ! ಜನ್ಮ ಸಾರ್ಥಕ ಆಯ್ತು ಕಣೋ!" ಎಂದು ಹಿಂದಿನ ಸೀಟಿನಿಂದ ನಂದಕುಮಾರ್ ನನ್ನ ಭುಜ ಅಲುಗಿಸಿದ.

ನನಗೆ ಹೊಳೆದದ್ದು ಒಂದೇ. ಇಳಿದದ್ದನ್ನೆಲ್ಲ ನಾಲ್ಕು ದಿನ ಬಿಟ್ಟು ಮತ್ತೆ ಹತ್ತಬೇಕು.

ಅದು 1974ರ ಜೂನ್ ತಿಂಗಳು. ನಂದಕುಮಾರ್ ಮೈಸೂರಿನವನು, ಡಲ್ಲಾಸ್ ಪಕ್ಕದ ರಿಚರ್ಡ್‌ಸನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಮುಗಿಸಿದ್ದ. ಜುಲೈಯಲ್ಲಿ ಹ್ಯೂಸ್ಟನ್ನಿನ ಎಣ್ಣೆ ಕಂಪನಿಯೊಂದಕ್ಕೆ ಸೇರುವವನಿದ್ದ. ಸೇರುವ ಮೊದಲು ಬೆನ್ನಿಗೆ ಚೀಲ ಕಟ್ಟಿಕೊಂಡು ದಕ್ಷಿಣ ಅಮೆರಿಕ ಸುತ್ತಬೇಕು ಎನ್ನುವುದು ಅವನ ಹಟ. ಡಲ್ಲಾಸಿನ ಹೋಟೆಲೊಂದರಲ್ಲಿ ಮೆಕ್ಸಿಕೋದವರ ಜೊತೆ ಎರಡು ವರ್ಷ ಪಾತ್ರೆ ತೊಳೆದು ಅವನು ಸ್ಪ್ಯಾನಿಷ್ ಕಲಿತಿದ್ದ. ನಾನು ಗದಗಿನವನು, ಆಸ್ಟಿನ್ನಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದೆ, ಮೂರು ವರ್ಷದಿಂದ ಓದುತ್ತಲೇ ಇದ್ದೆ. ಪ್ರಬಂಧ ಮುಗಿಯುವ ಲಕ್ಷಣ ಕಾಣುತ್ತಿರಲಿಲ್ಲ, ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. "ಬಾರೋ, ಊರು ಬದಲಾದ್ರೆ ತಲೆ ಸರಿಹೋಗತ್ತೆ" ಎಂದು ಅವನು ಎಳೆದ. ಬೇಡ ಎನ್ನುವುದಕ್ಕೂ ಒಂದಿಷ್ಟು ಶಕ್ತಿ ಬೇಕಲ್ಲ, ಅದೂ ಇರಲಿಲ್ಲ. ನನ್ನ ಜೊತೆ ಆಸ್ಟಿನ್ನಿನ ಅಪಾರ್ಟ್‌ಮೆಂಟ್ ಹಂಚಿಕೊಂಡಿದ್ದ ಶಿರಸಿಯ ಮಹಾಬಲೇಶ್ವರನನ್ನೂ ಕರೆದೆವು. ಅವನು ಮಾತು ಕಮ್ಮಿ, ಊರು ಸುತ್ತುವ ಚಪಲ ಅದಕ್ಕೂ ಕಮ್ಮಿ. "ನಾನು ಬರೂದಿಲ್ಲ ಮಾರಾಯ, ನೀವು ಹೋಗಿ. ನಾನು ಮನೆ ನೋಡ್ಕೊಂಡು ಇರ್ತೇನೆ" ಎಂದುಬಿಟ್ಟ.

ಹೊರಟವರು ಶುದ್ಧ ದಡ್ಡರ ಹಾಗೆ ಬಟ್ಟೆ ತುಂಬಿಕೊಂಡಿದ್ದೆವು. ನಮ್ಮ ಕಡೆ ದಕ್ಷಿಣ ಎಂದರೆ ಸೆಕೆ. ಆಸ್ಟಿನ್ನಿನಲ್ಲಿ ಆಗಲೇ ಡಾಂಬರು ಮೆತ್ತಗಾಗುವಷ್ಟು ಬಿಸಿಲು, ಅದಕ್ಕಿಂತ ಕೆಳಗೆ ಹೋದರೆ ಇನ್ನೂ ಹೆಚ್ಚೇ ಇರಬೇಕು ಎಂದು ಮೂರು ಹತ್ತಿಯ ಅಂಗಿ, ಒಂದು ಪಂಚೆ ಇಟ್ಟುಕೊಂಡಿದ್ದೆ. ಜೂನ್ ಅಲ್ಲಿ ಚಳಿಗಾಲ. ಭೂಗರ್ಭಶಾಸ್ತ್ರ ಓದಿ ಪದವಿ ಪಡೆದ ನಂದಕುಮಾರನಿಗೂ ಇದು ಹೊಳೆಯಲಿಲ್ಲ ಎಂದು ದಾರಿಯುದ್ದಕ್ಕೂ ಅವನನ್ನು ಚುಚ್ಚುತ್ತ ಬಂದೆ. ಲಿಮಾದಲ್ಲಿ ತಲಾ ಒಂದು ಉಣ್ಣೆಯ ಸ್ವೆಟರ್ ಕೊಂಡೆವು, ಅದು ಮೈಯೆಲ್ಲ ಕೆರೆಯುತ್ತಿತ್ತು. ಮೂರು ವಾರ ಬಸ್ಸು, ರೈಲು, ದೋಣಿ ಹತ್ತಿ ಇಳಿದು ಲಾ ಪಾಜ್ ತಲುಪುವ ಹೊತ್ತಿಗೆ ನನಗೆ ಯಾವ ಊರೂ ಬೇಕಾಗಿರಲಿಲ್ಲ, ಒಂದು ಹಾಸಿಗೆ ಸಾಕಾಗಿತ್ತು.

ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದವಳು ಒಬ್ಬ ಮುದುಕಿ. ಆ ಕಡೆಯ ಹೆಂಗಸರೆಲ್ಲ ಹಾಕುವಂತೆ ನೆರಿಗೆ ನೆರಿಗೆಯ ಲಂಗ, ಎರಡು ಜಡೆ, ತಲೆಯ ಮೇಲೆ ಸಾಹೇಬರ ಗುಂಡು ಟೋಪಿ. ಬಣ್ಣದ ಪಟ್ಟಿಗಳ ಕಂಬಳಿಯಲ್ಲಿ ಕಟ್ಟಿದ ದೊಡ್ಡ ಗಂಟೊಂದು ಅವಳ ತೊಡೆಯ ಮೇಲೆ ಅರ್ಧ, ನನ್ನ ತೊಡೆಯ ಮೇಲೆ ಅರ್ಧ ಇತ್ತು. ದಾರಿಯಲ್ಲಿ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಇಳಿಯುವಾಗ ಟೋಪಿ ಸರಿಮಾಡಿಕೊಂಡು, ನನ್ನ ಮೊಣಕಾಲು ತಟ್ಟಿ, ಏನೋ ಹೇಳಿ ನಕ್ಕಳು. ಬಾಯಲ್ಲಿ ಮೂರೇ ಹಲ್ಲು. ನಾನೂ ನಕ್ಕೆ.

ಊರೊಳಗೆ ಇಳಿದ ಮೇಲೆ ಮೊದಲು ಗಮನಕ್ಕೆ ಬಂದದ್ದು ಯಾರೂ ನನ್ನನ್ನು ತಿರುಗಿ ನೋಡುತ್ತಿಲ್ಲ ಎನ್ನುವುದು. ಆಸ್ಟಿನ್ನಿನಲ್ಲಿ ಬಟ್ಟೆ ಒಗೆಯಲು ಲಾಂಡ್ರಿಗೆ ಹೋದರೂ ಯಾವ ದೇಶ, ಯಾವಾಗ ವಾಪಸ್ಸು ಎಂದು ಕೇಳುವವರಿದ್ದರು. ಇಲ್ಲಿ ನನ್ನ ಬಣ್ಣದ, ನನ್ನ ಎತ್ತರದ ಜನರೇ ಬೀದಿ ತುಂಬ. ಟೋಪಿಯ ಮುದುಕನೊಬ್ಬ ನನ್ನನ್ನೇ ತಡೆದು ದಾರಿ ಕೇಳಿದ. ನಾನು ಪೆಚ್ಚಾಗಿ ನಿಂತದ್ದು ನೋಡಿ, ಕಿವುಡ ಇರಬೇಕು ಎಂದುಕೊಂಡು ಮತ್ತೊಮ್ಮೆ ಜೋರಾಗಿ ಕೇಳಿದ. ಬೇರೆ ದಿನವಾಗಿದ್ದರೆ ಇದರಿಂದ ಖುಷಿಯಾಗುತ್ತಿತ್ತು. ಅವತ್ತು ಉಸಿರಿಗೇ ತತ್ವಾರ. ಹನ್ನೆರಡು ಸಾವಿರ ಅಡಿ ಎತ್ತರದ ಊರು, ಬೀದಿ ಎಂದು ಅವರು ಕರೆಯುವುದೆಲ್ಲ ಮೆಟ್ಟಿಲು. ಹ್ಯೂಸ್ಟನ್, ಡಲ್ಲಾಸ್ ಎಂದು ರೊಟ್ಟಿಯಷ್ಟು ಚಪ್ಪಟೆ ನೆಲದಲ್ಲಿ ಓಡಾಡಿದ ಕಾಲು ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು. ಬೆನ್ನಿನ ಚೀಲ ಹಿಂದಕ್ಕೆ ಎಳೆಯುತ್ತಿತ್ತು, ತಲೆಯೊಳಗೆ ಯಾರೋ ಒನಕೆಯಿಂದ ಕುಟ್ಟುತ್ತಿದ್ದರು.

ನಾವು ಇಳಿದುಕೊಂಡದ್ದು ಎಲ್ವಿರಾ ಎಂಬ ವಿಧವೆ ತನ್ನ ಮನೆಯಲ್ಲೇ ನಡೆಸುತ್ತಿದ್ದ ವಸತಿಯಲ್ಲಿ. ಎರಡು ಕಬ್ಬಿಣದ ಮಂಚ, ಒಂದು ಕಿಟಕಿ, ಕಿಟಕಿಯ ತುಂಬ ಆ ಹಿಮದ ಬೆಟ್ಟ. ನಂದಕುಮಾರ್ ಕಿಟಕಿಗೆ ಅಂಟಿಕೊಂಡ. ನಾನು ಬೂಟೂ ಬಿಚ್ಚದೆ ಮಂಚಕ್ಕೆ ಬಿದ್ದೆ. ಬಿದ್ದವನಿಗೆ ಒಮ್ಮೆಲೇ ಉಸಿರು ಸಿಕ್ಕದಂತಾಯಿತು. ಎಷ್ಟು ಎಳೆದರೂ ಎದೆ ತುಂಬುತ್ತಿರಲಿಲ್ಲ. ನಿಜವಾಗಿ ಹೆದರಿದೆ. ಹೆದರಿದಾಗ ನನ್ನ ಬಲಗೈ ತಾನಾಗಿ ಎದೆಯ ಕಡೆ ಹೋಗುತ್ತದೆ, ಚಿಕ್ಕಂದಿನಿಂದ ಹಾಗೆ. ಹೋಯಿತು. ಸ್ವೆಟರಿನ ಕೆಳಗೆ ಅಂಗಿ, ಅಂಗಿಯ ಕೆಳಗೆ ಬನಿಯನ್ನು, ಬನಿಯನ್ನಿನ ಕೆಳಗೆ ಬರೀ ಎದೆ.

ಲಿಂಗ ಇರಲಿಲ್ಲ.

ಇದನ್ನು ನಾನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಮಗು ಹುಟ್ಟಿದಾಗಲೇ ಅದಕ್ಕೊಂದು ಇಷ್ಟಲಿಂಗ ಕಟ್ಟುತ್ತಾರೆ. ನನಗೆ ಕಟ್ಟಿದ್ದನ್ನು, ನಾನು ದೊಡ್ಡವನಾಗುವವರೆಗೆ ಇರಲಿ ಎಂದು, ಅವ್ವ ತನ್ನದರ ಜೊತೆಗೇ ತನ್ನ ಕೊರಳಲ್ಲಿ ಹಾಕಿಕೊಂಡಿದ್ದಳಂತೆ. ನನಗೆ ಮೂರು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಅವಳ ಲಿಂಗ ಅವಳ ಅಂಗೈಯಲ್ಲೇ ಇದ್ದು ಅವಳ ಜೊತೆ ಮಣ್ಣಿಗೆ ಹೋಯಿತು. ನನ್ನದನ್ನು ಅಕ್ಕ ಅವ್ವನ ಕೊರಳಿಂದ ತೆಗೆದು ನನ್ನ ಕೊರಳಿಗೆ ಕಟ್ಟಿದಳು. ಆಗ ಅಕ್ಕ ದಾಕ್ಷಾಯಣಿಗೆ ಹದಿನೈದು. ಆಮೇಲೆ ಅವಳು ಶಾಲೆಯ ಮಾಸ್ತರಿಣಿಯಾದಳು, ನನ್ನನ್ನು ಸಾಕಿದಳು, ಓದಿಸಿದಳು. ಅಮೆರಿಕಕ್ಕೆ ಹೊರಟ ದಿನ ಮುಂಬಯಿಯ ವಿಮಾನ ನಿಲ್ದಾಣದಲ್ಲಿ ಹಳೇ ಶಿವದಾರ ತೆಗೆದು ಹೊಸದು ಕಟ್ಟಿ, "ಬಸ್ಯಾ, ನನಗ ನೀ ಏನೂ ಕಳಸೂದು ಬ್ಯಾಡ. ಇದೊಂದು ಮೈಮ್ಯಾಲಿಂದ ಇಳೀಬಾರದು ನೋಡು" ಎಂದಳು. ಬೆಳ್ಳಿಯ ಕರಡಿಗೆಯೊಳಗೆ ಇರುವ ಆ ಲಿಂಗ ನಿಂಬೆಹಣ್ಣಿಗಿಂತ ಚಿಕ್ಕದು. ಪೂಜೆ ನಿಂತು ಎರಡು ವರ್ಷವಾಗಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಅಕ್ಕನಿಗೆ ಬರೆಯುವ ಪ್ರತಿ ಪತ್ರದಲ್ಲೂ ಕ್ಷೇಮ ಎಂದು ಬರೆದ ಮೇಲೆ ‘ಲಿಂಗ ಮೈಮೇಲಿದೆ’ ಎಂದು ತಪ್ಪದೆ ಬರೆಯುತ್ತಿದ್ದೆ. ಲಿಮಾದಿಂದ ಹಾಕಿದ ಕಾರ್ಡಿನಲ್ಲೂ ಬರೆದಿದ್ದೆ.

"ನಂದ್ಯಾ, ನನ್ನ ಲಿಂಗ ಇಲ್ಲೋ" ಎಂದೆ.

ಅವನು ಕಿಟಕಿಯಿಂದ ತಿರುಗಿದ. "ಇಲ್ಲ ಅಂದ್ರೆ? ಸ್ವೆಟರ್ ಒಳಗೆ ಸಿಕ್ಕೊಂಡಿರತ್ತೆ, ನೋಡೋ."

ಸ್ವೆಟರ್ ಬಿಚ್ಚಿ ಒದರಿದೆ. ಹಾಸಿಗೆ ಎತ್ತಿದೆ. ಇಬ್ಬರ ಚೀಲಗಳನ್ನೂ ನೆಲದ ಮೇಲೆ ಸುರಿದೆವು. ಅಂಗಿಗಳು, ಪಂಚೆ, ಚಟ್ನಿಪುಡಿಯ ಡಬ್ಬಿ, ಒಗೆಯದ ಬನಿಯನ್ನುಗಳು. ಇರಲಿಲ್ಲ.

"ಬೆಳಿಗ್ಗೆ ಇತ್ತಾ?"

"ಇತ್ತು."

"ಗ್ಯಾರಂಟಿನಾ?"

"ಮುಂಜಾನೆ ಮಾರಿ ತೊಳ್ಕೊಳ್ಳುವಾಗ ಕೈಲೆ ಮುಟ್ಟೀನಿ" ಎಂದೆ. ಹೇಳಿದ ಕ್ಷಣ ನನಗೂ ಅದು ಖಂಡಿತ ನಿಜವಾಗಿತ್ತು. ತಣ್ಣೀರು, ಕೈಗೆ ತಾಗಿದ ಬೆಳ್ಳಿಯ ಗುಂಡು, ಎಲ್ಲ ಕಣ್ಣಿಗೆ ಕಟ್ಟಿತು.

"ಹಾಗಾದ್ರೆ ಬಸ್ಸಲ್ಲೇ" ಎಂದ ನಂದಕುಮಾರ್. ಅಷ್ಟು ಹೊತ್ತಿಗೆ ನನ್ನ ತಲೆಯೂ ಅಲ್ಲಿಗೇ ಹೋಗಿತ್ತು. ನಾಲ್ಕು ಗಂಟೆ ನನ್ನ ಭುಜಕ್ಕೆ ಒರಗಿದ ತಲೆ, ತೊಡೆಯ ಮೇಲಿನ ಗಂಟು, ಇಳಿಯುವಾಗಿನ ಆ ನಗು. ಮೊಣಕಾಲು ಯಾಕೆ ತಟ್ಟಿದಳು? ನಗುವಂಥದ್ದು ಏನಿತ್ತು? ಅನುಮಾನಕ್ಕೆ ಎತ್ತರದ ಹಂಗಿಲ್ಲ, ಅದು ಸರಸರ ಹತ್ತಿತು.

ಎಲ್ವಿರಾ ಎರಡು ಲೋಟ ನೀರು ತಂದಿಟ್ಟಿದ್ದಳು. ನಂದಕುಮಾರ್ ಕುಡಿದ. ನಾನು ಲೋಟ ಎತ್ತಿ ಹಾಗೇ ಕೆಳಗಿಟ್ಟೆ. ಲಿಂಗ ಕಳೆದುಕೊಂಡವನು ಅದು ಸಿಗುವವರೆಗೆ ಹನಿ ನೀರೂ ಮುಟ್ಟಬಾರದು ಎಂದು ಅಕ್ಕ ಚಿಕ್ಕಂದಿನಲ್ಲಿ ಹೇಳುತ್ತಿದ್ದಳು. ಈ ಮಾತನ್ನು ನಂಬುತ್ತೇನೆಯೇ ಎಂದು ಆಸ್ಟಿನ್ನಿನಲ್ಲಿ ಯಾರಾದರೂ ಕೇಳಿದ್ದರೆ ನಕ್ಕುಬಿಡುತ್ತಿದ್ದೆ. ಲಾ ಪಾಜ್‌ನಲ್ಲಿ ಬಾಯಾರಿ ನಾಲಿಗೆ ಅಂಟುತ್ತಿತ್ತು, ಆದರೂ ಕೈ ಏಳಲಿಲ್ಲ.

"ಹುಚ್ಚಾ ನಿಂಗೆ? ಇಷ್ಟು ಎತ್ತರದಲ್ಲಿ ನೀರು ಕುಡೀದೆ ಇದ್ರೆ ಸತ್ತೇ ಹೋಗ್ತೀಯ!"

"ಮೊದಲ ಆ ಮುದಿಕೀನ ಹುಡುಕೂಣು ನಡಿ" ಎಂದೆ.

ಬಸ್ ನಿಲ್ಲುವ ಜಾಗಕ್ಕೆ ಮತ್ತೆ ಹತ್ತಿದೆವು. ಇಳಿಯುವಾಗ ಇಪ್ಪತ್ತು ನಿಮಿಷದ ದಾರಿ ಹತ್ತುವಾಗ ಒಂದೂವರೆ ಗಂಟೆಯಾಯಿತು. ಬಾಗಿಲುಗಳ ಹೊಸ್ತಿಲ ಮೇಲೆ, ಚರ್ಚಿನ ಮೆಟ್ಟಿಲ ಮೇಲೆ, ಒಂದು ಕಡೆ ಸುಮ್ಮನೆ ರಸ್ತೆಯ ಮೇಲೆಯೇ ಕೂತೆ. ದಾರಿಯಲ್ಲಿ ಹೆಂಗಸರು ಸಾಲಾಗಿ ಕೂತು ಮಾರುತ್ತಿದ್ದರು, ಕಿತ್ತಳೆ, ಉಣ್ಣೆ, ಸೀಮೆಎಣ್ಣೆ ಸ್ಟೋವು, ಒಣಗಿಸಿದ ಪ್ರಾಣಿಯ ಮರಿಗಳು, ಇಂಥದ್ದು ಇಲ್ಲ ಎನ್ನುವಂತಿಲ್ಲ. ಹೊಸ ಊರಿನ ಮೊದಲ ದಿನ, ಕಣ್ಣು ಬಿಟ್ಟು ನೋಡಬೇಕಾದ ದಿನ. ನಾನು ನೋಡಿದ್ದು ಒಂದೇ, ಪ್ರತಿ ಗುಂಡು ಟೋಪಿಯ ಕೆಳಗಿನ ಮುಖ. ಎಲ್ಲ ಮುಖಗಳೂ ನನಗೆ ಕಳ್ಳರ ಮುಖವಾಗಿಯೇ ಕಂಡವು.

ಬಸ್ಸಿನವನು ಸೀಟಿನ ಕೆಳಗೆಲ್ಲ ನೋಡಿ ಇಲ್ಲವೆಂದ. ಆ ಮುದುಕಿ ಯಾರೆಂದು ಅವನಿಗೆ ಗೊತ್ತಿತ್ತು. ವಾರಕ್ಕೊಮ್ಮೆ ಸರೋವರದ ಕಡೆಯಿಂದ ಬರುತ್ತಾಳೆ, ಚರ್ಚಿನ ಹಿಂದಿನ ಏರಿನಲ್ಲಿ ಕೂತು ಒಣ ಬಟಾಟೆ ಮಾರುತ್ತಾಳೆ ಎಂದ. ನಂದಕುಮಾರ್ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದ ಹಾಗೆ ನಾನು ಇಳಿಯತೊಡಗಿದ್ದೆ.

ಅವಳು ಅಲ್ಲೇ ಇದ್ದಳು. ಗೋಡೆಗೆ ಒರಗಿ, ಮುಂದೆ ಬಟ್ಟೆ ಹಾಸಿ, ಅದರ ಮೇಲೆ ಗೋಲಿಯಂಥ ಕರಿಯ ಬಟಾಟೆಗಳ ಗುಡ್ಡೆ ಮಾಡಿಕೊಂಡು ಕೂತಿದ್ದಳು. ಪಟ್ಟಿ ಪಟ್ಟಿಯ ಗಂಟು ಪಕ್ಕದಲ್ಲಿತ್ತು, ಇನ್ನೂ ಬಿಚ್ಚಿರಲಿಲ್ಲ. ನನ್ನನ್ನು ಕಂಡೊಡನೆ ಗುರುತು ಹಿಡಿದು ಮೂರು ಹಲ್ಲು ಕಾಣುವಂತೆ ನಕ್ಕಳು.

ನಂದಕುಮಾರ್ ಮುಂದೆ ಬಾಗಿ ಮೆತ್ತಗೆ ಶುರುಮಾಡಿದ. ನಮ್ಮದೊಂದು ಸಣ್ಣ ವಸ್ತು, ದೇವರದ್ದು, ಬಸ್ಸಿನಲ್ಲಿ ಬಿದ್ದಿರಬಹುದು, ನಿಮ್ಮ ಗಂಟಿಗೆ ಸಿಕ್ಕಿಕೊಂಡಿದೆಯೋ ಏನೋ ಎಂದು. ಅವಳಿಗೆ ಅವನ ಸ್ಪ್ಯಾನಿಷ್ ಹೆಚ್ಚು ತಿಳಿದಂತೆ ಕಾಣಲಿಲ್ಲ. ನನಗೆ ತಾಳ್ಮೆ ಇರಲಿಲ್ಲ. ಮುಂದೆ ನುಗ್ಗಿ, ನನ್ನ ಕೊರಳು ತೋರಿಸಿ, ದಾರ ಹರಿದಂತೆ ಕೈ ಮಾಡಿ, ಅವಳ ಗಂಟನ್ನು ಬೆರಳಿನಿಂದ ತೋರಿಸಿದೆ. ಒಂದು ಸಲ ಅಲ್ಲ, ಮೂರು ಸಲ. ಇದಕ್ಕೆ ಯಾವ ಭಾಷೆಯೂ ಬೇಕಾಗುವುದಿಲ್ಲ.

ಅವಳ ನಗು ನಿಂತಿತು. ಪಕ್ಕದ ಹೆಂಗಸರು ಮಾರುವುದು ಬಿಟ್ಟು ಎದ್ದು ಬಂದರು. ಒಬ್ಬಳು ನನ್ನ ಮೇಲೆ ಕೂಗಿದಳು. ಮುದುಕಿ ಅವಳಿಗೆ ಸುಮ್ಮನಿರು ಎಂಬಂತೆ ಕೈ ಮಾಡಿ, ಗಂಟನ್ನು ಎಳೆದುಕೊಂಡು, ಬಿಗಿದ ತುದಿಗಳನ್ನು ಹಲ್ಲಿನಿಂದ ಕಚ್ಚಿ ಸಡಿಲಿಸಿ ಬಿಚ್ಚಿದಳು. ಒಂದೊಂದಾಗಿ ತೆಗೆದು ರಸ್ತೆಯ ಮೇಲೆ ಇಟ್ಟಳು. ಒಂದು ಮಗುವಿನ ಸ್ವೆಟರ್, ಅರ್ಧ ಹೆಣೆದದ್ದು. ಒಂದು ಜೊತೆ ಟೈರಿನ ಚಪ್ಪಲಿ. ಉಪ್ಪಿನ ಪೊಟ್ಟಣ. ಗಂಡಸಿನ ಹಳೇ ಫೋಟೋ, ಗಾಜು ಒಡೆದದ್ದು. ತೇಪೆ ಹಾಕಿದ ಒಳಲಂಗವನ್ನೂ ತೆಗೆದು, ಎತ್ತಿ, ಒದರಿ ತೋರಿಸಿದಳು. ಕೊನೆಗೆ ಖಾಲಿ ಕಂಬಳಿಯ ನಾಲ್ಕು ತುದಿ ಹಿಡಿದು ನನ್ನ ಮುಖದ ಮುಂದೆ ಝಾಡಿಸಿದಳು. ಧೂಳು ಬಿಟ್ಟರೆ ಏನೂ ಬೀಳಲಿಲ್ಲ.

"ಸಾಕು ಬಾರೋ" ಎಂದ ನಂದಕುಮಾರ್. ಅವನ ಮುಖ ಕೆಂಪಾಗಿತ್ತು.

ನನಗೆ ನಾಚಿಕೆಯಾಯಿತು. ಆದರೆ ನಿಜ ಹೇಳಬೇಕೆಂದರೆ, ನಾಚಿಕೆಗಿಂತ ಹೆಚ್ಚಾಗಿ, ಬೇರೆಲ್ಲೋ ಬಚ್ಚಿಟ್ಟಿದ್ದಾಳೆ ಎನ್ನುವ ಅನುಮಾನ ಇನ್ನೂ ಉಳಿದಿತ್ತು. ಅಲ್ಲೇ ಕುಕ್ಕರಿಸಿದೆ, ಬಾಯಿಂದ ಉಸಿರು ಎಳೆಯುತ್ತಿದ್ದೆ. ಮುದುಕಿ ತನ್ನ ಸಾಮಾನುಗಳನ್ನೆಲ್ಲ ಮತ್ತೆ ಕಟ್ಟಿದಳು. ಆಮೇಲೆ ತನ್ನ ಲಂಗದ ಮಡಿಕೆಯಿಂದ ಒಂದು ಬಟ್ಟೆಯ ಪೊಟ್ಟಣ ತೆಗೆದಳು. ಅದರಲ್ಲಿ ಅವಳ ಊಟವಿತ್ತು, ಸಿಪ್ಪೆ ಸಮೇತ ಬೇಯಿಸಿದ ಎರಡು ಬಟಾಟೆ. ಅದರಲ್ಲಿ ದೊಡ್ಡದನ್ನು ಆರಿಸಿ ನನ್ನ ಕಡೆ ಚಾಚಿದಳು. ಬಾಯಿಯ ಹತ್ತಿರ ಕೈ ಒಯ್ದು ತಿನ್ನು ಎಂದು ಸನ್ನೆ ಮಾಡಿದಳು.

ನಾನು ತಲೆ ಅಲ್ಲಾಡಿಸಿದೆ.

"ತಗೊಳ್ಳೋ" ಎಂದು ನಂದಕುಮಾರ್ ಹಲ್ಲು ಕಚ್ಚಿಕೊಂಡು ಹೇಳಿದ. "ಇಷ್ಟೆಲ್ಲ ಮಾಡಿ ಈಗ ಅದನ್ನೂ ಬೇಡ ಅಂತೀಯಲ್ಲೋ. ತಗೋ."

"ಲಿಂಗ ಇಲ್ಲದ ಹೆಂಗ ತಿನ್ಲಿ?"

"ಅದು ಅವಳಿಗೆ ಗೊತ್ತಾ?"

ನಾನು ಎದ್ದು ನಡೆದುಬಿಟ್ಟೆ. ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿದೆ. ಅವಳು ಚಾಚಿದ ಕೈ ಇನ್ನೂ ಹಾಗೇ ಇತ್ತು. ಆಮೇಲೆ ಬಟಾಟೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟಳು.

ಸಂಜೆ ಆರರ ಹೊತ್ತಿಗೆ ಎಲ್ವಿರಾಳ ಅಡುಗೆಮನೆಯಲ್ಲಿ ನಾನು ಕುರ್ಚಿಯಿಂದ ಜಾರಿ ಬಿದ್ದೆನಂತೆ. ಎಚ್ಚರವಾದಾಗ ಅವಳು ನನ್ನ ತಲೆಯನ್ನು ತೋಳಿನ ಮೇಲೆ ಇಟ್ಟುಕೊಂಡು, ಆ ಊರಿನವರು ಎತ್ತರದ ಆಯಾಸಕ್ಕೆ ಕುಡಿಯುವ ಎಲೆಯ ಬಿಸಿ ಕಷಾಯವನ್ನು ತುಟಿಗೆ ಹಿಡಿದಿದ್ದಳು. ನಾನು ಕುಡಿದೆ. ಗಟಗಟ ಕುಡಿದು ಇನ್ನೊಂದು ಲೋಟ ಕೇಳಿದೆ. ನನ್ನ ವ್ರತ ನಡೆದದ್ದು ಸರಿಯಾಗಿ ಆರು ತಾಸು. ಮುದುಕಿಯ ಬಟಾಟೆಗೆ ಅಡ್ಡ ಬಂದ ನೇಮ ಕಷಾಯಕ್ಕೆ ಬರಲಿಲ್ಲ. ಇದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಂದಕುಮಾರನಿಂದ ಎಲ್ಲ ಕೇಳಿ ತಿಳಿದ ಎಲ್ವಿರಾ ತನ್ನ ಕೊರಳಿನ ಮಾತೆ ಮೇರಿಯ ಪದಕವನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು. ನಂದಕುಮಾರ್ ಅದನ್ನು ಹೇಳುವ ಮೊದಲು ನನ್ನ ಮುಖ ನೋಡಿದ.

"ಕೊನೇ ಸಲ ಅದನ್ನ ಯಾವಾಗ ನೋಡಿದ್ದು ಅಂತ ಕೇಳ್ತಿದಾರೆ. ಇತ್ತು ಅಂತ ಗೊತ್ತಿರೋದಲ್ಲ, ಕಣ್ಣಾರೆ ನೋಡಿದ್ದು."

"ಇವತ್ತು ಮುಂಜಾನೆ" ಎಂದೆ.

"ದಾರ ಯಾವ ಬಣ್ಣ ಅಂತಾರೆ."

ಬಿಳಿ ಎನ್ನಲು ಬಾಯಿ ತೆರೆದೆ. ಅಕ್ಕ ಕಟ್ಟಿದ್ದು ಬಿಳಿಯೇ. ಆದರೆ ಮೂರು ವರ್ಷದ ಬೆವರಿಗೆ ಅದು ಯಾವ ಬಣ್ಣಕ್ಕೆ ತಿರುಗಿತ್ತು? ಮಾಸಲೋ, ಕಂದೋ? ಗಂಟು ಕುತ್ತಿಗೆಯ ಎಡಕ್ಕಿತ್ತೋ ಬಲಕ್ಕೋ? ಬೆಳಿಗ್ಗೆಯ ತಣ್ಣೀರು ನೆನಪಿತ್ತು, ಕೈ ನೆನಪಿತ್ತು. ಬೆಳ್ಳಿಯ ಗುಂಡು ಮಾತ್ರ ನೆನೆಯಲು ಹೋದಷ್ಟೂ ಹಿಂದಕ್ಕೆ ಸರಿಯಿತು. ನಿನ್ನೆ? ಲಿಮಾದಲ್ಲಿ, ಸ್ವೆಟರ್ ಅಳತೆ ನೋಡಲು ಅಂಗಿ ಬಿಚ್ಚಿದಾಗ? ಅಲ್ಲೂ ಕಾಣಲಿಲ್ಲ.

"ಆಯಾಸ ಆಗೇದ, ನೆನಪಾಗವಲ್ದು" ಎಂದೆ.

ಉಳಿದ ಮೂರು ದಿನ ನಾನು ಆ ಮಂಚ ಬಿಟ್ಟು ಹೆಚ್ಚು ಏಳಲಿಲ್ಲ. ನಂದಕುಮಾರ್ ಒಬ್ಬನೇ ಊರು ನೋಡಿ ಬಂದ, ಮೊದಲಿನಂತೆ ಕಂಡದ್ದನ್ನೆಲ್ಲ ಹೇಳಲಿಲ್ಲ. ಹಾಗೆ ನೋಡಿದರೆ ದಕ್ಷಿಣ ಅಮೆರಿಕದ ಆ ಊರಿನ ಬಗ್ಗೆ ನನಗೆ ಗೊತ್ತಿರುವುದು ಒಂದು ಬಸ್ಸು, ಒಂದು ಏರು, ಒಂದು ಕಿಟಕಿ. ಹೊರಡುವ ದಿನ ಚರ್ಚಿನ ಹಿಂದಿನ ದಾರಿಯಲ್ಲೇ ಹತ್ತಿದೆವು. ಅವಳು ಕೂರುತ್ತಿದ್ದ ಜಾಗ ಖಾಲಿ ಇತ್ತು. ಅವಳು ವಾರಕ್ಕೊಮ್ಮೆ ಬರುವವಳು.

ವಿಮಾನ ಹ್ಯೂಸ್ಟನ್ನಿನಲ್ಲಿ ಇಳಿಸಿತು. ಬಾಗಿಲು ತೆರೆದೊಡನೆ ಒದ್ದೆ ಕಂಬಳಿ ಹೊದಿಸಿದಂತೆ ಸೆಕೆ ಬಂದು ಮೈಗೆ ಅಂಟಿತು. ಉಸಿರು ಎಳೆದರೆ ಎದೆ ತುಂಬಿತು. ನಂದಕುಮಾರ್ ಡಲ್ಲಾಸಿಗೆ ಹೊರಟ, ನಾನು ಆಸ್ಟಿನ್ನಿನ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಅಕ್ಕನಿಗೆ ಬರೆಯಬೇಕಾದ ಪತ್ರವನ್ನು ಮನಸ್ಸಿನಲ್ಲೇ ಬರೆದೆ. ಬಸ್ಸಿನಲ್ಲಿ ಕಳ್ಳತನವಾಯಿತು, ಒಬ್ಬ ಮುದುಕಿ, ಎಷ್ಟು ಹುಡುಕಿದರೂ ಸಿಗಲಿಲ್ಲ. ಓದಿದವರಿಗೆ ಅಯ್ಯೋ ಅನ್ನಿಸುವಂತಿತ್ತು.

ಮಹಾಬಲೇಶ್ವರ ಮಜ್ಜಿಗೆಹುಳಿ ಮಾಡಿಟ್ಟಿದ್ದ. ಕೈಕಾಲು ತೊಳೆದು ಅಡುಗೆಮನೆಗೆ ಹೋದೆ. ಒಲೆಯ ಪಕ್ಕದ ಕಪಾಟಿನ ಮೇಲಿನ ಅರೆಯಲ್ಲಿ ಅವನ ದೇವರು, ಒಂದು ಸಣ್ಣ ಗಣಪತಿ. ಗಣಪತಿಯ ಪಕ್ಕ ಉಕ್ಕಿನ ತಟ್ಟೆಯೊಂದರಲ್ಲಿ ನನ್ನ ಕರಡಿಗೆ ಇತ್ತು. ಅದರ ಮೇಲೆ ಒಂದು ಕಣಗಿಲೆ ಹೂವು, ಅವತ್ತಿನದೇ.



"ಇದು ಎಲ್ಲಿತ್ತು?" ಎಂದು ಕೇಳಿದೆ.

"ಕ್ಯಾಲೆಂಡರಿನ ಮೊಳೆಗೆ" ಎಂದ ಅವನು, ಹುಳಿ ತಿರುವುತ್ತ. "ನೀನೇ ಹಾಕಿದ್ಯಲ್ಲ, ಫೆಬ್ರವರಿಯಲ್ಲಿ, ಎದೆಯ ಎಕ್ಸ್‌ರೇಗೆ ಹೋಗೋ ದಿನ. ಮತ್ತೆ ತೆಗೀಲೇ ಇಲ್ಲ. ತಿಂಗಳ ಹಾಳೆ ತಿರುಗಿಸುವಾಗೆಲ್ಲ ನೋಡ್ತಿದ್ದೆ."

ನೆನಪಾಯಿತು. ಮೊದಲ ವರ್ಷ ಎಕ್ಸ್‌ರೇ ತೆಗೆಯುವ ಹುಡುಗಿ ಇದೇನು ಡಬ್ಬಿ, ಒಳಗೇನಿದೆ ಎಂದು ಕೇಳಿದ್ದಳು. ನಾನು ತಡವರಿಸಿದ್ದೆ. ಮತ್ತೆ ಆ ವಿವರಣೆ ಯಾರು ಕೊಡುತ್ತಾರೆ ಎಂದು ಈ ಸಲ ಮನೆಯಲ್ಲೇ ತೆಗೆದು ಮೊಳೆಗೆ ಹಾಕಿದ್ದೆ. ಬಂದು ಕಟ್ಟಿಕೊಂಡರಾಯಿತು ಎಂದುಕೊಂಡು.

"ನಾಲ್ಕು ತಿಂಗಳು! ಒಂದು ಮಾತು ಹೇಳಬಾರದಿತ್ತೇನೋ?"

ಅವನು ಸೌಟು ಕೆಳಗಿಟ್ಟ. "ನೀನು ಬೇಕು ಅಂತಲೇ ಬಿಟ್ಟಿದ್ದು ಅಂದ್ಕೊಂಡೆ ಮಾರಾಯ. ಇಲ್ಲಿ ಬಂದವರು ಎಷ್ಟೋ ಜನ ಬಿಡ್ತಾರೆ. ಕೇಳಿದ್ರೆ ನಿಂಗೆ ಬೇಜಾರಾದೀತು ಅಂತ ಸುಮ್ಮನಿದ್ದೆ. ನೀನು ಹೋದ್ಮೇಲೆ ಒಬ್ಬನೇ ಇದ್ನಲ್ಲ, ದೇವರನ್ನ ಮೊಳೆಗೆ ನೇತುಹಾಕಿ ಊಟ ಮಾಡೂದು ಸರಿ ಅನ್ನಿಸ್ಲಿಲ್ಲ. ನಿಮ್ಮ ಕ್ರಮ ಗೊತ್ತಿಲ್ಲ. ನೀರು ತೋರಿಸಿ ಒಂದು ಹೂ ಇಡ್ತಿದ್ದೆ. ತಪ್ಪಾಯ್ತಾ?"

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಬಟಾಟೆ ಬೇಡವೆಂದ ಅದೇ ತಲೆ, ಹಾಗೆಯೇ ಅಲ್ಲಾಡಿತು. ರಸ್ತೆಯ ಮೇಲೆ ಒದರಿ ತೋರಿಸಿದ ತೇಪೆಯ ಲಂಗ ಕಣ್ಣ ಮುಂದೆ ಬಂತು. ಅವಳಲ್ಲಿ ಇರಲು ಸಾಧ್ಯವೇ ಇಲ್ಲದ್ದನ್ನು ಅವಳಿಂದ ಹುಡುಕಿಸಿದ್ದೆ. ನಾಲ್ಕು ತಿಂಗಳು ಎದೆಯ ಮೇಲೆ ಇಲ್ಲದ್ದನ್ನು ಇದೆ ಎಂದು ಪತ್ರದ ಮೇಲೆ ಪತ್ರ ಬರೆದವನು ನಾನು, ಕಳ್ಳಿಯಾದವಳು ಅವಳು. ಬಡಿಸಿದ ಹುಳಿ ಅನ್ನದ ತಟ್ಟೆ ಪಕ್ಕಕ್ಕೆ ಸರಿಸಿದೆ. ಎದ್ದು ಹೋಗಿ ಅತ್ತೆ.

ಕರಡಿಗೆಯನ್ನು ಕಟ್ಟಿಕೊಳ್ಳಲು ಧೈರ್ಯ ಬರಲಿಲ್ಲ, ಗಣಪತಿಯ ಪಕ್ಕದಲ್ಲೇ ಬಿಟ್ಟೆ. ಮನಸ್ಸಿನಲ್ಲಿ ಬರೆದಿಟ್ಟಿದ್ದ ಪತ್ರವನ್ನೂ ಬಿಟ್ಟೆ. ಪೂಜ್ಯ ಅಕ್ಕನಿಗೆ ನಮಸ್ಕಾರಗಳು ಎಂದು ಶುರುಮಾಡಿ, ಲಿಂಗ ಮೈಮೇಲಿಲ್ಲ ಎಂದು ಬರೆದೆ. ಮೊಳೆಯ ವಿಷಯ, ಸುಳ್ಳು ಪತ್ರಗಳ ವಿಷಯ, ಮುದುಕಿಯ ಗಂಟು, ಬಟಾಟೆ, ಕಷಾಯ, ಏನನ್ನೂ ಬಿಡಲಿಲ್ಲ. ನೀನು ಏನು ಹೇಳುತ್ತೀಯೋ ಹಾಗೆ, ಅಲ್ಲಿಯವರೆಗೆ ಕಟ್ಟಿಕೊಳ್ಳುವುದಿಲ್ಲ ಎಂದು ಮುಗಿಸಿದೆ.

ಉತ್ತರ ಬರಲು ಐದು ವಾರ ಹಿಡಿಯಿತು. ಈ ಸಲ ನೀಲಿ ಏರ್‌ಮೇಲ್ ಪತ್ರವಲ್ಲ, ದಪ್ಪ ಕವರು. ಒಡೆದರೆ ಮೊದಲು ಕೈಗೆ ಬಂದದ್ದು ನಾಲ್ಕಾಗಿ ಮಡಿಚಿದ ಒಂದು ಹೊಸ ಶಿವದಾರ, ಬಿಳಿಯದು. ಪತ್ರದಲ್ಲಿ ಶಾಲೆಯ ಸುದ್ದಿ, ಮಳೆ ಬಂದ ಸುದ್ದಿ, ಎದುರು ಮನೆಯ ಹೊನ್ನಮ್ಮನ ಮಗಳ ಮದುವೆಯ ಸುದ್ದಿ. ಲಿಂಗದ ಬಗ್ಗೆ ಬೈಗುಳವಿರಲಿಲ್ಲ, ಬುದ್ಧಿವಾದವೂ ಇರಲಿಲ್ಲ. ಎರಡು ಸಲ ಓದಿದೆ. ಆಮೇಲೆ, ಹಾಳೆಯ ಅಂಚಿನಲ್ಲಿ, ಎಲ್ಲ ಬರೆದಾದ ಮೇಲೆ ನೆನಪಾಗಿ ಸೇರಿಸಿದಂತೆ ಒಂದು ಸಾಲು ಕಂಡಿತು.

"ಆ ಮುದುಕಿ ಕೊಟ್ಟ ಬಟಾಟಿ ತಿನಬೇಕಾಗಿತ್ತೋ ತಮ್ಮಾ."